ಏಳನೇ ವಾರದ ಸ್ಕ್ಯಾನ್ ರಿಪೋರ್ಟಲ್ಲಿ ‘ಮಗು ನಾರ್ಮಲ್’ ಅಂತ ಬರೆದುಕೊಟ್ಟಿದ್ದರ ಬಗ್ಗೆ ದೂರು

ಸ್ಕ್ಯಾನಿಂಗ್ ಸೆಂಟರ್ ಮ್ಯಾನೇಜರ್ ಮತ್ತು ಅಲ್ಲಿನ ಡಾಕ್ಟರ್ ಅವರಿಗೆ,

ನಮಸ್ತೆ. ನಾನು ಸುಂಟಿಕೊಪ್ಪ ಕಡೆಯವಳು, ನಮ್ಮ ಯಜಮಾನ್ರು ಕಾಫಿ ತೋಟದಲ್ಲಿ ರೈಟರ್ ಆಗಿದಾರೆ. ಹೋದ ವರ್ಷ, 2025 ಜುಲೈ 18ಕ್ಕೆ ನಿಮ್ಮ ಸೆಂಟರ್‌ನಲ್ಲಿ ನನ್ನ ಮೊದಲನೇ ಸ್ಕ್ಯಾನ್ ಆಯ್ತು. ಅವತ್ತು ಬಿಡದೆ ಮಳೆ, ಬೆಳಗ್ಗೆಯಿಂದ ಕರೆಂಟಿಲ್ಲ, ರಸ್ತೆಗೆ ಮರ ಬಿದ್ದಿತ್ತು ಅಂತ ತೋಟದ ಜೀಪಲ್ಲಿ ಸುತ್ತಿ ಬಳಸಿ ಬಂದು ಮಧ್ಯಾಹ್ನದ ಮೇಲೆ ತಲುಪಿದ್ವಿ. ಕೌಂಟರಲ್ಲಿದ್ದ ಹುಡುಗಿ ಮಾಮೂಲಿ ಸ್ಕ್ಯಾನ್‌ಗೆ 900, ಪ್ಯಾಕೇಜ್ ತಗೊಂಡ್ರೆ 1,800, ಅದರಲ್ಲಿ ಮಗುಂದು ಫುಲ್ ಚೆಕಪ್ ಆಗುತ್ತೆ ಅಂದ್ಲು, ಹಿಂದೆ ಗೋಡೆ ಮೇಲೂ ಹಂಗೇ ಬೋರ್ಡಿತ್ತು. ಮೊದಲ ಮಗು ಅಲ್ವಾ, ದುಡ್ಡಿನ ಮುಖ ನೋಡ್ಲಿಲ್ಲ, ಪ್ಯಾಕೇಜೇ ತಗೊಂಡ್ವಿ.

ರಿಪೋರ್ಟ್ ಇವತ್ತೂ ನನ್ನ ಹತ್ರ ಇದೆ. 7 ವಾರ 2 ದಿನ, ಒಂದೇ ಮಗು, ಗರ್ಭಕೋಶದ ಒಳಗೇ ಇದೆ, ಉದ್ದ 11 ಮಿಲಿಮೀಟರ್, ಹಾರ್ಟ್‌ಬೀಟ್ ಇದೆ. ಇಷ್ಟೂ ಸರಿಯಾಗೇ ಇತ್ತು, ಅದನ್ನ ನಾನು ತಪ್ಪು ಅಂತಿಲ್ಲ. ನೀವು ಕೊಟ್ಟ ಡೇಟ್ ಮಾರ್ಚ್ 4, ಹೆರಿಗೆ ಆಗಿದ್ದು ಫೆಬ್ರವರಿ 27ಕ್ಕೆ. ಆದರೆ ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಇನ್ನೊಂದು ಲೈನ್ ಹಾಕಿದ್ರಲ್ಲ, ಮಗು ನಾರ್ಮಲ್, ಯಾವ ನ್ಯೂನತೆನೂ ಇಲ್ಲ ಅಂತ, ನನ್ನ ದೂರು ಆ ಲೈನಿನ ಮೇಲೆ.

ನನ್ನ ಮಗ ಸೀಳು ತುಟಿ, ಸೀಳು ಅಂಗುಳ ಇಟ್ಕೊಂಡು ಹುಟ್ಟಿದ. ಅದು ನಿಮ್ಮಿಂದ ಆಗಿದ್ದಲ್ಲ, ಗೊತ್ತು. ಏಳನೇ ವಾರದಲ್ಲಿ ನಿಮಗೆ ಕಾಣಿಸ್ಬೇಕಿತ್ತು ಅಂತಾನೂ ಹೇಳ್ತಿಲ್ಲ, ಕಾಣೋಕೆ ಸಾಧ್ಯನೇ ಇರ್ಲಿಲ್ಲ! ಮೈಸೂರಿನ ಡಾಕ್ಟರ್ ಚಿತ್ರ ಬರೆದು ತೋರಿಸಿದ್ರು, ಮುಟ್ಟಾದ ದಿನದಿಂದ ಲೆಕ್ಕ ಹಾಕಿದ್ರೆ ಮೇಲ್ತುಟಿ ಕೂಡೋದು ಎಂಟು ಒಂಬತ್ತನೇ ವಾರಕ್ಕೆ, ಅಂಗುಳ ಕೂಡೋದು ಅದಕ್ಕಿಂತ ಕೆಲವು ವಾರ ಆದ್ಮೇಲೆ. ಅಂದ್ರೆ ನೀವು ನಾರ್ಮಲ್ ಅಂತ ಬರೆದ ದಿನ ನನ್ನ ಮಗನಿಗೆ ಮುಖ ಅನ್ನೋದೇ ಇನ್ನೂ ಪೂರ್ತಿ ಆಗಿರ್ಲಿಲ್ಲ. ಇಡೀ ಮಗು ಒಂದು ಸೆಂಟಿಮೀಟರ್ ಚಿಲ್ರೆ. ಅಷ್ಟರಲ್ಲಿ ಒಳಗಿದೆಯಾ ಇಲ್ಲ ಟ್ಯೂಬಲ್ಲಿ ನಿಂತಿದೆಯಾ, ಒಂದಾ ಎರಡಾ, ಹಾರ್ಟ್ ಬಡೀತಿದೆಯಾ, ಎಷ್ಟು ವಾರ, ಇವು ಗೊತ್ತಾಗುತ್ತೆ. ಕೈಕಾಲು, ಬೆನ್ನುಮೂಳೆ, ಹೃದಯದ ಒಳಗಿನ ಕೋಣೆಗಳು, ಮುಖ, ಇವನ್ನ ಕೂತು ನೋಡೋದು 18ರಿಂದ 22 ವಾರದೊಳಗೆ, ಅದಕ್ಕೆ ಅನಾಮಲಿ ಸ್ಕ್ಯಾನ್ ಅಂತಾನೇ ಬೇರೆ ಇದೆ. ನಡುವೆ 11ರಿಂದ 14 ವಾರದೊಳಗೆ, ಮಗುವಿನ ಕತ್ತಿನ ಹಿಂದೆ ಸೇರೋ ನೀರಿನ ದಪ್ಪ ಅಳೆಯೋ ಎನ್‌ಟಿ ಸ್ಕ್ಯಾನ್ ಅಂತ ಒಂದಿದೆಯಂತೆ, ಅದರ ಹೆಸರನ್ನೂ ನಿಮ್ಮಲ್ಲಿ ಯಾರೂ ಎತ್ತಲಿಲ್ಲ.

ಈಗ ಕೇಳಿ ಏನಾಯ್ತು ಅಂತ. ಅಕ್ಟೋಬರಲ್ಲಿ, ಕಾವೇರಿ ಸಂಕ್ರಮಣದ ಹಿಂದೆಮುಂದೆ, ನಮ್ಮೂರಿನ ಆಶಾ ಅಕ್ಕ ಮನೆಗೆ ಬಂದು ಐದನೇ ತಿಂಗಳ ಸ್ಕ್ಯಾನ್ ಮಾಡಿಸ್ಕೋ ಮಾರಾಯ್ತಿ ಅಂದ್ರು. ನಾನೇ ನಿಮ್ಮ ರಿಪೋರ್ಟ್ ತೆಗೆದು ತೋರಿಸಿ, ಫುಲ್ ಚೆಕಪ್ ಆಗಿದೆ ಅಕ್ಕ, ನೋಡಿ ನಾರ್ಮಲ್ ಅಂತ ಬರೆದಿದ್ದಾರೆ ಅಂದೆ. ಆದ್ರೂ ಅವ್ರು ಬಿಡ್ಲಿಲ್ಲ ಅಂತ ನಿಮ್ಮ ನಂಬರಿಗೆ ಫೋನ್ ಮಾಡಿ ಕೇಳಿದ್ರೆ, ಮೊದಲನೇದ್ರಲ್ಲೇ ಎಲ್ಲಾ ಚೆನ್ನಾಗಿದೆಯಲ್ಲ ಮೇಡಂ, ಎಂಟನೇ ತಿಂಗಳಲ್ಲಿ ಬನ್ನಿ ಸಾಕು ಅಂತ ಹೇಳಿದ್ರು. ಜನವರಿಯಲ್ಲಿ ಬಂದಾಗ ತೂಕ, ನೀರು ನೋಡಿ ಕಳಿಸಿದ್ರು, ಅಷ್ಟು ಹೊತ್ತಿಗೆ ಮಗು ದೊಡ್ಡದಾಗಿ ಮುಖ ನನ್ನ ಬೆನ್ನ ಕಡೆಗೆ ತಿರುಗಿತ್ತಂತೆ. ಮುಖ ಕಾಣ್ಲಿಲ್ಲ ಅಂತ ಒಂದು ಮಾತು ಅದರಲ್ಲೂ ಬರೆದಿಲ್ಲ.

ಮೊದಲೇ ಗೊತ್ತಾಗಿದ್ರೆ ತುಟಿ ಕೂಡ್ತಿರ್ಲಿಲ್ಲ, ಸರಿ. ಆದ್ರೆ ನಾನು ಮೈಸೂರಲ್ಲೇ ಹೆರಿಗೆಗೆ ಹೋಗಿರ್ತಿದ್ದೆ, ಇಂಥ ಮಗುಗೆ ಹಾಲು ಕುಡಿಸೋದು ಹೆಂಗೆ ಅಂತ ಕಲ್ತು ರೆಡಿಯಾಗಿರ್ತಿದ್ದೆ. ಹುಟ್ಟಿದ ರಾತ್ರಿಯೆಲ್ಲಾ ಮಗು ಅಳ್ತಾನೇ ಇತ್ತು, ಎದೆಗೆ ಹಾಕಿದ್ರೆ ಎಳೆಯೋಕೆ ಬರ್ತಿಲ್ಲ, ಚಮಚದಲ್ಲಿ ಹಾಕಿದ್ರೆ ಮೂಗಿಂದ ಆಚೆ ಬರ್ತಿತ್ತು. ಇಲ್ಲಿ ಯಾರಿಗೂ ಗೊತ್ತಾಗ್ಲಿಲ್ಲ. ಐದನೇ ದಿನಕ್ಕೆ 2.8 ಕೆಜಿ ಇದ್ದಿದ್ದು 2.5ಕ್ಕೆ ಇಳೀತು, ಬಾಣಂತಿ ಮೈಯಲ್ಲೇ ಮೈಸೂರಿಗೆ ಹೋದೆ, ಅಲ್ಲೊಬ್ಬ ಸಿಸ್ಟರ್ ಮಗುನ ನೆಟ್ಟಗೆ ಕೂರಿಸ್ಕೊಂಡು ಒಳಲೆಯಲ್ಲಿ ಸ್ವಲ್ಪ ಸ್ವಲ್ಪನೇ ಕುಡಿಸಿ, ನಡುನಡುವೆ ತೇಗು ಬರಿಸೋದು ಹೇಳಿಕೊಟ್ರು. ಅರ್ಧ ಗಂಟೆಯಲ್ಲಿ ಕಲ್ತೆ ನಾನು. ಆ ಅರ್ಧ ಗಂಟೆ ಪಾಠ ಇಲ್ಲದೆ ನನ್ನ ಮಗ ಐದು ದಿನ ಹಸ್ಕೊಂಡಿದ್ದ.

ಇನ್ನೊಂದು ವಿಷಯ ಬರೀಲೇಬೇಕು. ಮನೆಯಲ್ಲಿ ಅತ್ತೆ, ನೆಂಟರು ಎಲ್ಲಾ, ಗ್ರಹಣದ ದಿನ ನೀನು ಹೊರಗೆ ಬಂದಿದ್ದೆ, ಕತ್ತಿ ಮುಟ್ಟಿದ್ದೆ, ಅದಕ್ಕೇ ಹಿಂಗಾಯ್ತು ಅಂತಾರೆ. ಸ್ಕ್ಯಾನಲ್ಲಿ ಸರಿಯಿದ್ದ ಮಗು ಆಮೇಲೆ ಹೆಂಗೆ ಕೆಡ್ತು ಅನ್ನೋಕೆ ಅವರಿಗೆ ಸಾಕ್ಷಿ ನಿಮ್ಮದೇ ರಿಪೋರ್ಟ್! ಚಂದ್ರಗ್ರಹಣ ಬಂದಿದ್ದು ಸೆಪ್ಟೆಂಬರ್ 7ಕ್ಕೆ, ಅವತ್ತಿಗೆ ನನಗೆ ಹದಿನಾಲ್ಕು ವಾರ ದಾಟಿತ್ತು, ತುಟಿ ಕೂಡ್ಬೇಕಾದ ಟೈಮ್ ಯಾವಾಗಲೋ ಮುಗಿದಿತ್ತು, ಕ್ಯಾಲೆಂಡರ್ ಹಿಡ್ಕೊಂಡು ನಾನು ಎಷ್ಟು ಸಲ ವಿವರಿಸಿದ್ರೂ, ಮತ್ತೆ ಇದರಲ್ಲಿ ಯಾಕೆ ನಾರ್ಮಲ್ ಅಂತಿದೆ ಅಂತ ಕಾಗದ ತೋರಿಸ್ತಾರೆ. ಬಾಣಂತನ ಪೂರ್ತಿ ಈ ಮಾತು ಕೇಳ್ಕೊಂಡೇ ಕಳೆದೆ.

20 ವಾರದ ಸ್ಕ್ಯಾನಲ್ಲೂ ಎಲ್ಲಾ ಸಿಗುತ್ತೆ ಅಂತಿಲ್ಲ, ಅಂಗುಳದ ಸೀಳು ಮಾತ್ರ ಇದ್ರೆ ಅನುಭವ ಇರೋರಿಗೂ ಎಷ್ಟೋ ಸಲ ತಪ್ಪಿ ಹೋಗುತ್ತೆ ಅಂತ ಮೈಸೂರಿನ ಡಾಕ್ಟರೇ ಹೇಳಿದ್ರು. ಹಂಗಾಗಿದ್ರೆ ಈ ಪತ್ರ ಬರೀತಿರ್ಲಿಲ್ಲ. ನೋಡಿ ಕಾಣದೇ ಹೋಗೋದು ಬೇರೆ, ನೋಡೋಕೆ ಇನ್ನೂ ಟೈಮೇ ಬಂದಿಲ್ಲ ಅನ್ನೋದನ್ನ ಹೇಳದೆ ನಾರ್ಮಲ್ ಅಂತ ಸೀಲ್ ಹೊಡೆಯೋದು ಬೇರೆ.

ಆದ್ದರಿಂದ ಆ ಫುಲ್ ಚೆಕಪ್ ಬೋರ್ಡನ್ನ ಮೊದಲು ಇಳಿಸಿ. ಶುರುವಿನ ಸ್ಕ್ಯಾನ್ ರಿಪೋರ್ಟಲ್ಲಿ ನ್ಯೂನತೆ ಇಲ್ಲ ಅನ್ನೋ ಲೈನ್ ತೆಗೆದು, ಇವತ್ತು ನೋಡಿದ್ದು ಇಷ್ಟು, ಉಳಿದಿದ್ದಕ್ಕೆ ಇಂಥ ತಾರೀಖಿನೊಳಗೆ ಬನ್ನಿ ಅಂತ ಕನ್ನಡದಲ್ಲಿ ಬರೀರಿ. ಲಿಂಗ ಪತ್ತೆ ಮಾಡಲ್ಲ ಅಂತ ಕನ್ನಡದಲ್ಲಿ ಬೋರ್ಡ್ ಹಾಕಿದ್ದೀರಲ್ಲ, ಅದರ ಪಕ್ಕದಲ್ಲೇ ಇದಕ್ಕೂ ಜಾಗ ಇದೆ. ಯಾವ ಸ್ಕ್ಯಾನ್ ಬೇಕು ಬೇಡ ಅಂತ ಕೌಂಟರಲ್ಲಿ ಕೂತವರು ಫೋನಲ್ಲಿ ಹೇಳೋದು ನಿಲ್ಲಬೇಕು, ಡಾಕ್ಟರೇ ಹೇಳಲಿ. ಪ್ಯಾಕೇಜ್ ಅಂತ ಜಾಸ್ತಿ ತಗೊಂಡ 900 ರೂಪಾಯಿ ವಾಪಸ್ ಕೊಡಿ. ಆಮೇಲೆ, 7 ವಾರದ ಸ್ಕ್ಯಾನಲ್ಲಿ ತುಟಿ ಅಂಗುಳ ನೋಡೋಕೆ ಆಗಲ್ಲ ಅಂತ ನಿಮ್ಮ ಲೆಟರ್‌ಹೆಡ್ಡಲ್ಲಿ ಡಾಕ್ಟರ್ ಸೈನ್ ಹಾಕಿ ನನಗೊಂದು ಪತ್ರ ಕೊಡಿ, ಅದನ್ನ ನಾನು ಮನೆಯಲ್ಲಿ ತೋರಿಸ್ಬೇಕು.

ಮಗನಿಗೆ ಈಗ ಮೂರು ತಿಂಗಳಾಗ್ತಾ ಬಂತು, 5 ಕೆಜಿ ಆಗಿದಾನೆ, ತುಟಿ ಆಪರೇಷನ್‌ಗೆ ಡೇಟ್ ಕೊಟ್ಟಿದಾರೆ, ಅಂಗುಳದ್ದು ಒಂದು ವರ್ಷದ ಹೊತ್ತಿಗೆ. 15 ದಿನದೊಳಗೆ ಬರವಣಿಗೆಯಲ್ಲಿ ಉತ್ತರ ಕೊಡಿ, ಇಲ್ಲದಿದ್ರೆ ಇದೇ ಪತ್ರದ ಕಾಪಿ ಮಡಿಕೇರಿಗೆ, ಜಿಲ್ಲಾ ಆರೋಗ್ಯ ಅಧಿಕಾರಿಗಳ ಆಫೀಸಿಗೆ ಕೊಟ್ಟು ಬರ್ತೀನಿ. ಎರಡೂ ರಿಪೋರ್ಟ್, ಬಿಲ್ಲಿನ ಜೆರಾಕ್ಸ್ ಜೊತೆಗಿಟ್ಟಿದ್ದೀನಿ.

ಇಂತಿ,
ಜುಲೈ 18ರ ರಿಪೋರ್ಟಲ್ಲಿ ಹೆಸರಿರುವವಳು