ಫೋಟೊದ ಬೆನ್ನಿಗೆ ಬರೆದದ್ದು

ಎಲ್ಲರಿಗೂ ನಮಸ್ಕಾರ.

ನಮ್ಮ ಕನ್ನಡ ಸಂಘದ ಪತ್ರಿಕೆಯ ಈ ಸಂಚಿಕೆ ಕಳೆದ ಶುಕ್ರವಾರವೇ ನಿಮ್ಮ ಕೈ ಸೇರಬೇಕಿತ್ತು. ಕ್ಷಮಿಸಿ. ರಾತ್ರಿ ಹನ್ನೊಂದು ದಾಟಿದೆ, ಯುಗಾದಿ ಕಾರ್ಯಕ್ರಮದ ಲೆಕ್ಕ ಇನ್ನೂ ಬಂದಿಲ್ಲ, ಮೂರನೇ ಪುಟ ಖಾಲಿ ಇದೆ. ಬೇಸಿಗೆ ರಜೆಯ ಬಗ್ಗೆ ಅರ್ಧ ಬರೆದಿಟ್ಟಿದ್ದೆ. ಅದನ್ನು ಅಳಿಸಿ ಇದನ್ನು ಬರೆಯುತ್ತಿದ್ದೇನೆ. ಭಾನುವಾರದಿಂದ ತಲೆಯಲ್ಲಿ ಇದೊಂದೇ ಓಡುತ್ತಿದೆ.

ಭಾನುವಾರ ಮಗಳನ್ನು ಕರೆದುಕೊಂಡು ಈಸ್ಟ್‌ಮನ್ ಮ್ಯೂಸಿಯಂಗೆ ಹೋಗಿದ್ದೆ. ಬೇಸಿಗೆಯ ಹೊಸ ಪ್ರದರ್ಶನಗಳು ಶುರುವಾಗಿವೆ, ನೀವೂ ಹೋಗಿ ಬನ್ನಿ, ಸೋಮವಾರ ಮಾತ್ರ ರಜೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಈ ರೋಚೆಸ್ಟರ್‌ಗೆ ಬಂದು ಹನ್ನೊಂದು ವರ್ಷ ಆಯಿತು. ಊರಿಂದ ಬಂದವರನ್ನೆಲ್ಲ ನಯಾಗರಾ ತೋರಿಸಿ ಕಳಿಸಿದ್ದೇವೆ. ಮನೆಯಿಂದ ಹತ್ತು ನಿಮಿಷದ ಈ ಜಾಗಕ್ಕೆ ನಾನು ಹೋಗಿದ್ದು ಇದು ಎರಡನೇ ಸಲ. ಕೊಡಕ್ ಕಂಪನಿ ಕಟ್ಟಿದ ಜಾರ್ಜ್ ಈಸ್ಟ್‌ಮನ್ ಅವರು ಇದ್ದ ಮನೆ ಅದು. 1905ರಿಂದ 1932ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. 1949ರಲ್ಲಿ ಮ್ಯೂಸಿಯಂ ಆಗಿ ಬಾಗಿಲು ತೆರೆಯಿತು. ಫೋಟೊಗಳಿಗೆಂದೇ ಇರುವ ಮ್ಯೂಸಿಯಂಗಳಲ್ಲಿ ಪ್ರಪಂಚದಲ್ಲೇ ಹಳೆಯದು.

ಅಲ್ಲಿನ ಸಂಗ್ರಹದಲ್ಲಿ ಡಾಗೆರೊಟೈಪ್ ಎಂಬ ಹಳೇ ಕಾಲದ ಫೋಟೊಗಳಿವೆ. 1839ರಲ್ಲಿ ಪ್ಯಾರಿಸ್‌ನಲ್ಲಿ ಜನರಿಗೆ ತಿಳಿಸಿದ ವಿಧಾನ. ತಾಮ್ರದ ತಗಡು, ಮೇಲೆ ಬೆಳ್ಳಿ. ಅಂಗೈಯಗಲ. ಕನ್ನಡಿಯ ಹಾಗೆ ಹೊಳೆಯುತ್ತದೆ, ನೇರ ನಿಂತು ನೋಡಿದರೆ ನಮ್ಮ ಮುಖವೇ ಕಾಣುತ್ತದೆ. ಸ್ವಲ್ಪ ಓರೆಯಾಗಿ ಬಗ್ಗಿದರೆ ಒಳಗಿರುವವರು ಮೆಲ್ಲಗೆ ಎದ್ದು ಬರುತ್ತಾರೆ. ಅದಕ್ಕೆ ನೆಗೆಟಿವ್ ಇಲ್ಲ, ಎರಡನೇ ಪ್ರತಿ ಇಲ್ಲ, ಇರುವುದು ಅದೊಂದೇ. ಒಬ್ಬ ಹೆಂಗಸು ಕುಳಿತಿದ್ದರು. ಕಾಲರಿನ ಲೇಸಿನ ಒಂದೊಂದು ಎಳೆ ಎಣಿಸಬಹುದು. ಕೆಳಗೆ ಚೀಟಿಯಲ್ಲಿ ಬರೆದಿತ್ತು, ಹೆಸರು ತಿಳಿದಿಲ್ಲದ ಮಹಿಳೆ ಅಂತ. ಪಕ್ಕದ್ದು, ಹೆಸರು ತಿಳಿದಿಲ್ಲದ ಮಗು.

ಮಗಳು ಓರೆಯಾಗಿ ಬಗ್ಗಿ, ನೇರ ನಿಂತು, ಮತ್ತೆ ಬಗ್ಗಿ ನೋಡಿದಳು. ಆಮೇಲೆ ಕೇಳಿದಳು, "ಅಮ್ಮಾ, ಇಷ್ಟು ಚೆಂದ ಇಟ್ಕೊಂಡಿದ್ದಾರಲ್ಲ, ಹೆಸರು ಯಾರೂ ಬರ್ಕೊಳ್ಳಲಿಲ್ವಾ?"

ನನಗೆ ಅಜ್ಜ ನೆನಪಾದರು.

ನಮ್ಮ ಊರು ಕಾರವಾರ ಮತ್ತು ಅಂಕೋಲಾ ನಡುವೆ, ಸಮುದ್ರದ ಪಕ್ಕ. ಇತ್ತು. ಸೀಬರ್ಡ್ ನೌಕಾನೆಲೆಗೆ ಜಾಗ ಹೋದ 13 ಊರುಗಳಲ್ಲಿ ನಮ್ಮದೂ ಒಂದು. 1986ರಲ್ಲಿ ರಾಜೀವ್ ಗಾಂಧಿ ಬಂದು ಅಡಿಗಲ್ಲು ಇಟ್ಟಾಗ ನಾನು ಆಯಿಯ, ಅಂದರೆ ಅಮ್ಮನ, ಕಂಕುಳಲ್ಲಿದ್ದೆನಂತೆ. ಆಮೇಲೆ ನಾನು ಬೆಳೆದದ್ದೆಲ್ಲ 'ಈ ವರ್ಷ ಊರು ಬಿಟ್ಟು ಏಳಬೇಕು, ಮುಂದಿನ ವರ್ಷ ಏಳಬೇಕು' ಅನ್ನುವ ಮಾತಿನ ನಡುವೆಯೇ. ಪ್ರತಿ ಮಳೆಗಾಲಕ್ಕೆ ಮುಂಚೆ ಒಡೆದ ಹೆಂಚು ಬದಲಿಸಬೇಕೋ ಬೇಡವೋ ಎಂದು ಮನೆಯಲ್ಲಿ ಚರ್ಚೆ. ಹೋಗುವ ಮನೆಗೆ ಹೊಸ ಹೆಂಚು ಯಾಕೆ ಎಂದು ಅಪ್ಪ, ಸೋರುವ ಮನೆಯಲ್ಲಿ ಅಡುಗೆ ಹೇಗೆ ಎಂದು ಆಯಿ. ಕೊನೆಗೆ ಅಜ್ಜ ಏನೂ ಹೇಳದೆ ಏಣಿ ಹಾಕಿ ಹತ್ತುತ್ತಿದ್ದರು. ನಾಲ್ಕು ಸಾವಿರಕ್ಕೂ ಜಾಸ್ತಿ ಕುಟುಂಬಗಳು ಹೀಗೇ ಕಾದವು, ಹೀಗೇ ಎದ್ದವು. 2005ರಲ್ಲಿ ಆ ನೌಕಾನೆಲೆ ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಶುರುವಾಯಿತು. ನಾವು ಅದಕ್ಕೆ ಕೆಲವು ವರ್ಷ ಮೊದಲೇ ಸಾಮಾನು ಕಟ್ಟಿದ್ದೆವು.

ಏಳುವುದು ಖಚಿತ ಆದಾಗ ನಾನು ಒಂಬತ್ತನೇ ತರಗತಿ. ಒಂದು ದಿನ ಅಜ್ಜ ಯಾರಿಗೂ ಹೇಳದೆ ಬಸ್ಸು ಹತ್ತಿ ಕಾರವಾರಕ್ಕೆ ಹೋದರು. ಮರುದಿನ ಮಧ್ಯಾಹ್ನ ಎಂ-80 ಗಾಡಿಯಲ್ಲಿ ಒಬ್ಬ ಫೋಟೊಗ್ರಾಫರ್ ಬಂದ. ಒಂದು ರೋಲ್, 36 ಫೋಟೊ, ಅಷ್ಟಕ್ಕೇ ಮಾತಾಗಿತ್ತು. ಗುಂಪು ಫೋಟೊ ಅಂದುಕೊಂಡು ಅಜ್ಜಿ ಪೆಟ್ಟಿಗೆಯಿಂದ ಹಸಿರು ಸೀರೆ ತೆಗೆದು ಉಟ್ಟರು, ನಾನು ಎರಡು ಜಡೆ ಹಾಕಿಸಿಕೊಂಡೆ, ತಮ್ಮನ ತಲೆಗೆ ಎಣ್ಣೆ. ಎಲ್ಲರೂ ಜಗಲಿಯಲ್ಲಿ ಸಾಲಾಗಿ ಕುಳಿತೆವು. ಅಜ್ಜ ನಮ್ಮನ್ನು ನೋಡಲೇ ಇಲ್ಲ. ಆ ಹುಡುಗನನ್ನು ಸೀದಾ ಬಾವಿಯ ಹತ್ತಿರ ಕರೆದುಕೊಂಡು ಹೋದರು.

"ಅಜ್ಜಾ, ಜನ ನಿಲ್ಲದೇ ಬರೀ ಬಾವಿ ತೆಗೆದು ಏನು ಮಾಡ್ತೀರಿ?" ಎಂದು ಅವನು ಕೇಳಿದ.

"ಜನ ನನ್ ಸಂಗ್ತಿಗೆ ಬರ್ತಾರೆ. ಬಾವಿ ಬರ್ತದ್ಯಾ?"

ಅವನು ಮತ್ತೆ ಮಾತಾಡಲಿಲ್ಲ. ಬಾವಿ, ಬಾವಿಯ ಗಡಗಡೆ, ತುಳಸಿಕಟ್ಟೆ, ಕೊಟ್ಟಿಗೆ, ಹಿತ್ತಲಿನ ಒರಳು, ಬಾಗಿಲ ಹೊಸ್ತಿಲು. ಅಡುಗೆಮನೆಯಲ್ಲಿ ಕತ್ತಲೆ ಅಂತ ಫ್ಲ್ಯಾಶ್ ಹಾಕಿದ, ಮಸಿ ಹಿಡಿದ ಗೋಡೆ ಒಮ್ಮೆ ಫಳ್ ಎಂದಿತು, ಅಜ್ಜಿ ಬೆಚ್ಚಿದರು. ಕರಿ ಇಶಾಡು ಮಾವಿನ ಮರಕ್ಕೆ ಮೂರು ಫೋಟೊ ಹೋಯಿತು, ಒಂದರಲ್ಲಿ ಮರ ಪೂರ್ತಿ ಹಿಡಿಯಲಿಲ್ಲ. ಸಮುದ್ರಕ್ಕೆ ಹೋಗುವ ಕಾಲುದಾರಿ, ಅದರ ಎರಡೂ ಬದಿಯ ಬೇಲಿ. ನಮ್ಮ ಸರದಿ ಬರುವ ಹೊತ್ತಿಗೆ ಐದಾರು ಫೋಟೊ ಉಳಿದಿತ್ತು. ಕೊನೆಯದಕ್ಕೆ ಅಜ್ಜ ಅವನನ್ನು ರಸ್ತೆಗೆ ಕರೆದೊಯ್ದು ಇಡೀ ಮನೆ ಬರುವ ಹಾಗೆ ತೆಗೆಸಿದರು. ಕೊಡಕ್ ರೋಲಿನ ಹಳದಿ ರಟ್ಟು ಜಗಲಿಯ ಮೇಲೆ ಉಳಿಯಿತು. ಒಳಗಿನ ಕಪ್ಪು ಡಬ್ಬಿ ತಮ್ಮನಿಗೆ ಸಿಕ್ಕಿತು, ಅವನು ಗುಲಗಂಜಿ ತುಂಬಿಸಿ ವರ್ಷಗಟ್ಟಲೆ ಇಟ್ಟುಕೊಂಡಿದ್ದ.

ಆ ಹಳದಿ ರಟ್ಟಿನ ಕಂಪನಿಯ ಊರಿನಲ್ಲೇ ಈಗ ನನ್ನ ಮನೆ ಇದೆ. ಭಾನುವಾರ ಗಾಜಿನ ಆಚೆ 1888ರ ಮೊದಲ ಕೊಡಕ್ ಕ್ಯಾಮೆರಾ ನೋಡುವಾಗ ಇದು ಹೊಳೆದು ಒಂದು ಗಳಿಗೆ ಸುಮ್ನೆ ನಿಂತುಬಿಟ್ಟೆ. ಅದನ್ನು 25 ಡಾಲರಿಗೆ ಕೊಂಡರೆ ಒಳಗೆ 100 ಫೋಟೊಗೆ ಆಗುವ ಫಿಲ್ಮ್ ಇರುತ್ತಿತ್ತು. ಮುಗಿದ ಮೇಲೆ ಇಡೀ ಕ್ಯಾಮೆರಾವನ್ನೇ ಇಲ್ಲಿಗೆ, ರೋಚೆಸ್ಟರ್‌ಗೆ ಅಂಚೆಯಲ್ಲಿ ಕಳಿಸಬೇಕು. 10 ಡಾಲರ್ ಕೊಟ್ಟರೆ ಫೋಟೊ ತೊಳೆದು, ಹೊಸ ಫಿಲ್ಮ್ ತುಂಬಿಸಿ ವಾಪಸ್ ಕಳಿಸುತ್ತಿದ್ದರು. ಎಲ್ಲೆಲ್ಲಿಂದಲೋ ಜನರ ಮನೆ, ಮಕ್ಕಳು, ನಾಯಿ ಎಲ್ಲ ಈ ಊರಿಗೆ ಬಂದು ಹೋದವು.

ಈಸ್ಟ್‌ಮನ್ ಅವರ ಮನೆಯದ್ದೂ ಒಂದು ಕಥೆ ಇದೆ. ನಡುವಿನ ದೊಡ್ಡ ಕೋಣೆ ಚೌಕ ಆಯಿತು, ಉದ್ದ ಸಾಲದು ಅನ್ನಿಸಿ 1919ರಲ್ಲಿ ಮನೆಯನ್ನೇ ಎರಡು ಭಾಗ ಮಾಡಿಸಿ ಹಿಂದಿನ ಅರ್ಧವನ್ನು 9 ಅಡಿ ಚಿಲ್ಲರೆ ಹಿಂದಕ್ಕೆ ಸರಿಸಿದರು. ಅಷ್ಟು ದೊಡ್ಡ ಮನೆ. ಅಜ್ಜನಿಗೆ ಇದನ್ನು ತೋರಿಸಬೇಕಿತ್ತು. ಎರಡು ಸಲ ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದರು.

ಹತ್ತು ದಿನದ ಮೇಲೆ ಪ್ರಿಂಟ್ ಬಂತು. ಅಜ್ಜ ಮೂರು ಸಂಜೆ ಕೂತು ಒಂದೊಂದರ ಹಿಂದೆಯೂ ಬರೆದರು. 'ಬಾವಿ. 24 ಅಡಿ. ನನ್ನ ಅಪ್ಪ ತೋಡಿಸಿದ್ದು. ಸಮುದ್ರ ಇಷ್ಟು ಹತ್ತಿರ ಇದ್ದರೂ ಮೇ ತಿಂಗಳಲ್ಲೂ ನೀರು ಉಪ್ಪಾಗಲಿಲ್ಲ.' 'ಹೊಸ್ತಿಲು. ಹಲಸಿನ ಮರದ್ದು. ನಡುವೆ ಸವೆದದ್ದು ಕಾಲಿನಿಂದ.' ಬಾಲ್‌ಪೆನ್ನಿನಲ್ಲಿ ಒತ್ತಿ ಒತ್ತಿ ಬರೆದಿದ್ದಾರೆ. ಬಾವಿಯ ಫೋಟೊ ದೀಪಕ್ಕೆ ಓರೆಯಾಗಿ ಹಿಡಿದರೆ ಮುಂದಿನ ಆಕಾಶದಲ್ಲಿ ಅವರ ಅಕ್ಷರಗಳು ಉಲ್ಟಾ ಎದ್ದು ಕಾಣುತ್ತವೆ. ಈ ಮಾತು ಬರೆಯಲು ಈಗ ಮತ್ತೆ ತೆಗೆದು ನೋಡಿದೆ. 'ಉಪ್ಪಾಗಲಿಲ್ಲ' ಎಂಬುದು ಗಡಗಡೆಯ ಸ್ವಲ್ಪ ಮೇಲೆ ಇದೆ.

ಕೊನೆಯ ಫೋಟೊ, ಮೂವತ್ತಾರನೆಯದು. ಹಿಂದೆ 'ಮನೆ. ರಸ್ತೆಯಿಂದ' ಅಂತ ಇದೆ, ಅಷ್ಟೇ. ಆದರೆ ಎಡಗಡೆ ಅಂಚಿನಲ್ಲಿ ಒಬ್ಬ ಹೆಂಗಸು ಇದ್ದಾರೆ. ತಲೆ ಮೇಲೆ ಬುಟ್ಟಿ, ಒಂದು ಕೈ ಎತ್ತಿ ಹಿಡಿದಿದ್ದಾರೆ, ಮುಖ ನಮ್ಮ ಕಡೆ ತಿರುಗಿದೆ, ಬಾಯಿ ತೆರೆದಿದೆ. ಏನೋ ಕೇಳುತ್ತಿದ್ದಾರೆ. ಇಪ್ಪತ್ತೈದು ವರ್ಷ ಈ ಫೋಟೊ ನೋಡಿದ್ದೇನೆ, ಒಂದು ದಿನವೂ ಇವರು ಯಾರು ಎಂದು ಕೇಳಿರಲಿಲ್ಲ. ಭಾನುವಾರ ರಾತ್ರಿ ಊರಿಗೆ ವಿಡಿಯೊ ಕಾಲ್ ಮಾಡಿ ತೋರಿಸಿದೆ. ಮೀನಿನವಳಿರಬೇಕು ಅಂದರು ಅಪ್ಪ. "ಮೀನಿನವರು ಬೆಳಿಗ್ಗೆ ಬರ್ತಿದ್ರು, ನೆರಳು ನೋಡಿ, ಇದು ಸಂಜೆ" ಅಂದಳು ಆಯಿ. ತರಕಾರಿ ತರುತ್ತಿದ್ದ ಹಾಲಕ್ಕಿ ಸಮುದಾಯದ ಹೆಂಗಸರು ಅನ್ನೋಣ ಅಂದರೆ ಕೊರಳಲ್ಲಿ ಅವರ ಮಣಿಸರ ಇಲ್ಲ. ಅಜ್ಜನಿಗೆ ಗೊತ್ತಿತ್ತು, ಖಂಡಿತ ಗೊತ್ತಿತ್ತು. ಎಲ್ಲರಿಗೂ ಗೊತ್ತಿರುವವರು ಅಂತಲೇ ಬರೆದಿರಲಿಕ್ಕಿಲ್ಲ. ಅಜ್ಜ ತೀರಿಕೊಂಡು ಹದಿನೇಳು ವರ್ಷವಾಯಿತು.

ಇದಕ್ಕೇ ನಿಮ್ಮೆಲ್ಲರಿಗೂ ಹೇಳುತ್ತಿದ್ದೇನೆ, ಇವತ್ತೇ ಆಲ್ಬಂ ತೆಗೆಯಿರಿ. 2024ರ ಆಗಸ್ಟ್‌ನಲ್ಲಿ ಕಾರವಾರದ ಹಳೇ ಕಾಳಿ ಸೇತುವೆ ನಡುರಾತ್ರಿ ಬಿದ್ದಾಗ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಏನಾಯಿತು ನೆನಪಿದೆ ಅಲ್ವಾ? ಸದಾಶಿವಗಡದ ಗುಡ್ಡ ಹಿಂದೆ ಕಾಣುವ ಹಾಗೆ ಸೇತುವೆ ಮೇಲೆ ನಿಂತ ಫೋಟೊಗಳು ಒಂದರ ಹಿಂದೆ ಒಂದು ಬಂದವು. ಮದುವೆಯಾದ ಹೊಸತರದ್ದು, ಕಾಲೇಜು ಟ್ರಿಪ್ಪಿನದ್ದು. ಎಷ್ಟರಲ್ಲೋ ಪಕ್ಕದಲ್ಲಿ ನಿಂತವರು ಯಾರು ಅಂತ ಹಾಕಿದವರಿಗೇ ಗೊತ್ತಿರಲಿಲ್ಲ. ಶಿರಸಿಯವರು ನಮ್ಮಲ್ಲಿ ಆರು ಮನೆ ಇದ್ದೀರಿ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಗೆ ಬಿಡಕಿಬೈಲಿನಲ್ಲಿ ಪರದೆ ಕಟ್ಟಿದ ಸ್ಟುಡಿಯೊಗಳಲ್ಲಿ ನಿಂತು ತೆಗೆಸಿಕೊಂಡ ಫೋಟೊ ನಿಮ್ಮ ಎಲ್ಲರ ಮನೆಯಲ್ಲೂ ಇರಲೇಬೇಕು. ಯಾವ ವರ್ಷದ ಜಾತ್ರೆ, ಪಕ್ಕದಲ್ಲಿ ಯಾರ ಮಗು, ಕೈಯಲ್ಲಿ ಹಿಡಿದ ಗಿರಿಗಿಟ್ಲೆ ಯಾರು ಕೊಡಿಸಿದ್ದು, ಇದೆಲ್ಲ ಅತ್ತೆಯನ್ನೋ ದೊಡ್ಡಮ್ಮನನ್ನೋ ಈಗಲೇ ಕೇಳಿಕೊಳ್ಳಿ.

ಬರೆಯುವಾಗ ಅಜ್ಜನ ಹಾಗೆ ಒತ್ತಬೇಡಿ. ಹಳೇ ಕಪ್ಪುಬಿಳುಪು ಫೋಟೊದ ಹಿಂದೆ ಮೆತ್ತನೆ ಪೆನ್ಸಿಲ್ ಸಾಕು. ಕಲರ್ ಪ್ರಿಂಟಿನ ನುಣುಪು ಬೆನ್ನಿಗೆ ಪೆನ್ಸಿಲ್ ಹತ್ತುವುದಿಲ್ಲ, ಚೀಟಿಯಲ್ಲಿ ಬರೆದು ಕವರಿನಲ್ಲಿ ಜೊತೆಗೆ ಹಾಕಿ. ಅಂಟು ಹಾಳೆಯ ಮೇಲೆ ಪ್ಲಾಸ್ಟಿಕ್ ಹೊದಿಸಿದ ಆಲ್ಬಂಗಳಿವೆಯಲ್ಲ, ಅವುಗಳಿಂದ ಫೋಟೊಗಳನ್ನು ನಿಧಾನ ಬಿಡಿಸಿ ಹೊರಗೆ ತೆಗೆಯಿರಿ, ಆ ಅಂಟೇ ಫೋಟೊ ಹಾಳು ಮಾಡುತ್ತದೆ. ಬಿಡದಿದ್ದರೆ ಎಳೆಯಬೇಡಿ, ಹಾಳೆ ಸಮೇತ ಫೋಟೊ ತೆಗೆದುಕೊಳ್ಳಿ. ಕರಾವಳಿಯ ಮಳೆಗಾಲ ಕಂಡ ಆಲ್ಬಂ ಆದರೆ ಇನ್ನೂ ಜಾಗ್ರತೆ, ಬೂಸು ಹಿಡಿದಿದ್ದರೆ ಒದ್ದೆ ಬಟ್ಟೆ ಮುಟ್ಟಿಸಬೇಡಿ.

ಈಗ ಸಂಘದ ಸುದ್ದಿ, ಜಾಗ ಕಡಿಮೆ ಇದೆ. ಪಿಕ್ನಿಕ್ ಜುಲೈ ಎರಡನೇ ಶನಿವಾರ, ಸರೋವರದ ಪಕ್ಕದ ಹಳೇ ಜಾಗವೇ, ಚಿತ್ರಾನ್ನ ಮತ್ತು ಕೋಸಂಬರಿಗೆ ಜನ ಸಿಕ್ಕಿದ್ದಾರೆ, ಮಜ್ಜಿಗೆಗೆ ಬೇಕು. ಕನ್ನಡ ಶಾಲೆಗೆ ಹೆಸರು ಕೊಡಲು ಆಗಸ್ಟ್ ಕೊನೆಯವರೆಗೆ ಸಮಯ ಇದೆ, ಹೊಸ ಮಕ್ಕಳು ನಾಲ್ಕು ಜನ ಬರುತ್ತಿದ್ದಾರೆ, ಎರಡನೇ ಹಂತಕ್ಕೆ ಇನ್ನೊಬ್ಬ ಶಿಕ್ಷಕರು ಬೇಕು. ಗಣೇಶ ಹಬ್ಬ ಈ ಸಲ ವಾರದ ನಡುವೆ, ನಾವು ಅದರ ಮುಂದಿನ ಶನಿವಾರ ಮಾಡುತ್ತೇವೆ. ಸದಸ್ಯತ್ವದ ಹಣ ಬಾಕಿ ಇರುವವರು ದಯವಿಟ್ಟು ಕೊಟ್ಟುಬಿಡಿ, ಸಭಾಂಗಣಕ್ಕೆ ಮುಂಗಡ ಕಟ್ಟಬೇಕು.

ಗಣೇಶ ಹಬ್ಬದ ದಿನ ನಾವೂ ಒಂದು ಪ್ರದರ್ಶನ ಇಡೋಣ. ಒಂದು ಮನೆಯಿಂದ ಒಂದೇ ಫೋಟೊ, ಊರಿನದ್ದು, ಹೆಸರು ಬರೆದ ಚೀಟಿಯ ಜೊತೆ. ಮೂಲ ಫೋಟೊ ನಿಮ್ಮ ಹತ್ತಿರವೇ ಇರಲಿ, ನಾವು ಸ್ಕ್ಯಾನ್ ಮಾಡಿ ದೊಡ್ಡದಾಗಿ ಪ್ರಿಂಟ್ ಹಾಕಿಸುತ್ತೇವೆ. ಸ್ಕ್ಯಾನರ್ ಇರುವವರು ಇಬ್ಬರು ಮುಂದೆ ಬನ್ನಿ. ಮತ್ತೆ, ಇದನ್ನು ಹೇಳಲು ಸಂಕೋಚ, ಆದರೂ ಹೇಳುತ್ತೇನೆ. ಈ ಪತ್ರಿಕೆಯ ಟೈಪಿಂಗ್, ತಿದ್ದುವುದು, ಪುಟ ಕಟ್ಟುವುದು ಎಲ್ಲ ನಾಲ್ಕು ವರ್ಷದಿಂದ ಒಬ್ಬಳೇ ಮಾಡುತ್ತಿದ್ದೇನೆ. ನನಗೆ ಈ ಕೆಲಸ ಇಷ್ಟ, ಬಿಡುವುದಿಲ್ಲ, ಆದರೆ ಒಬ್ಬಳಿಂದ ಆಗುತ್ತಿಲ್ಲ. ತಿಂಗಳಿಗೆ ಎರಡು ಸಂಜೆ ಕೊಡುವವರು ಒಬ್ಬರಾದರೂ ಬೇಕು. ಕನ್ನಡ ಟೈಪಿಂಗ್ ಬರದಿದ್ದರೆ ನಾನು ಕಲಿಸುತ್ತೇನೆ.

ನಮ್ಮ ಮನೆಯಿಂದ ಆ ಮೂವತ್ತಾರನೇ ಫೋಟೊ ಇಡುತ್ತೇನೆ, ಪ್ರಸಾದದ ಮೇಜಿನ ಪಕ್ಕ, ಎಲ್ಲರ ಕಣ್ಣಿಗೆ ಬೀಳುವ ಕಡೆ. ಬೇಸಿಗೆಗೆ ಅಂತ ಅಪ್ಪ ಅಮ್ಮ, ಅತ್ತೆ ಮಾವ ಬಂದಿರುವ ಮನೆಗಳು ಎಷ್ಟೋ ಇವೆ. ಅವರಲ್ಲಿ ಕಾರವಾರ, ಅಂಕೋಲಾ ಕಡೆಯ ಹಿರಿಯರು ಇದ್ದರೆ, ಊಟಕ್ಕೆ ಕೂರುವ ಮೊದಲು ಒಮ್ಮೆ ಅಲ್ಲಿಗೆ ಕರೆದುಕೊಂಡು ಬನ್ನಿ. ಚೀಟಿ, ಪೆನ್ಸಿಲ್ ಹಿಡಿದುಕೊಂಡು ನಾನು ಅಲ್ಲೇ ಇರುತ್ತೇನೆ.