ಆರಡಿ ಎತ್ತರವೂ ಅಪಾಯವೇ

ಮಾನ್ಯರೇ,

ಕೆಲಸದ ಸ್ಥಳದಲ್ಲಿ ಬಿದ್ದು ಗಾಯಗೊಳ್ಳುವವರ ಮಾತು ಬಂದಾಗ ಬಹುಮಹಡಿ ಕಟ್ಟಡಗಳಷ್ಟೇ ನೆನಪಾಗುತ್ತವೆ. ಲಾರಿಗೆ ಒರಗಿಸಿದ ಹಲಗೆಯಿಂದಲೋ ಸಣ್ಣ ಏಣಿಯಿಂದಲೋ ಬಿದ್ದು ಸೊಂಟ ಮುರಿದುಕೊಳ್ಳುವವರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ತೊಗರಿ ಸುಗ್ಗಿಯಲ್ಲಿ ಕಲಬುರಗಿಯ ಮಾರುಕಟ್ಟೆ ಹಾಗೂ ದಾಲ್ ಮಿಲ್‌ಗಳಲ್ಲಿ ಹಮಾಲರು ಬೆನ್ನ ಮೇಲೆ ಮೂಟೆ ಹೊತ್ತು, ಹೊಟ್ಟು–ಧೂಳು ಕೂತು ನುಣುಪಾದ ಕಿರಿದಾದ ಹಲಗೆಯ ಮೇಲೆಯೇ ಲಾರಿ ಏರುತ್ತಾರೆ. ಆರು ಅಡಿ ಎತ್ತರದಿಂದ ಬಿದ್ದ ದೇಹ ಸುಮಾರು 0.6 ಸೆಕೆಂಡಿನಲ್ಲಿ, ಗಂಟೆಗೆ 20 ಕಿ.ಮೀ.ಗೂ ಮೀರಿದ ವೇಗದಲ್ಲಿ ನೆಲಕ್ಕೆ ಅಪ್ಪಳಿಸುತ್ತದೆ. ಕೈಯೂರಲೂ ಸಮಯವಿರದ ಆ ಕ್ಷಣದಲ್ಲಿ ತಲೆ ಮೊದಲು ತಾಗಿದರೆ ಜೀವವೇ ಹೋಗಬಹುದು. ಬಿದ್ದವರು ಅಂದಿನ ಕೂಲಿ ತಪ್ಪೀತೆಂದು ಮೈ ಕೊಡವಿಕೊಂಡು ಮತ್ತೆ ಮೂಟೆಗೆ ಹೆಗಲು ಕೊಡುವುದರಿಂದ (ನೋವು ಗೊತ್ತಾಗುವುದು ರಾತ್ರಿ ಮಲಗಿದಾಗ) ಇಂಥ ಘಟನೆಗಳು ದಾಖಲಾಗುವುದೂ ಅಪರೂಪ.

ಅಡ್ಡಪಟ್ಟಿ ಬಡಿದ ಅಗಲವಾದ ಹಲಗೆಗೆ ದೊಡ್ಡ ಖರ್ಚೇನೂ ಇಲ್ಲ. ಎಪಿಎಂಸಿ ಅದನ್ನು ಕಡ್ಡಾಯಗೊಳಿಸಿ, ಎಷ್ಟೇ ಕಡಿಮೆ ಎತ್ತರದಿಂದ ಬಿದ್ದರೂ ಬರೆದಿಡುವ ಪುಸ್ತಕವೊಂದನ್ನು ಪ್ರಾಂಗಣದಲ್ಲಿ ಇರಿಸಬೇಕು; ಕಾರ್ಮಿಕ ಇಲಾಖೆಯು ಸುಗ್ಗಿ ಆರಂಭವಾಗುವ ಮುನ್ನವೇ ಮಿಲ್‌ಗಳಲ್ಲಿ ಏಣಿ, ಹಲಗೆಗಳ ತಪಾಸಣೆ ನಡೆಸಬೇಕು.

– ಓದುಗ, ಕಲಬುರಗಿ