ಅರೆಬರೆ ಕೊಳೆತದ್ದು ಗೊಬ್ಬರವಲ್ಲ

ಮಾನ್ಯರೇ,

ಹಸಿ ಕಸದಿಂದ ಕಾಂಪೋಸ್ಟ್ ಮಾಡಿ ಎಂಬ ಕರೆ ಎಲ್ಲೆಡೆ ಕೇಳಿಬರುತ್ತಿದೆ. ಅರೆಬರೆ ಕೊಳೆತದ್ದನ್ನೇ ಗೊಬ್ಬರವೆಂದು ಹೊಲಕ್ಕೆ ಸುರಿಯುವುದರ ಬಗ್ಗೆ ಮಾತ್ರ ಯಾರೂ ಸೊಲ್ಲೆತ್ತುತ್ತಿಲ್ಲ. ಪೂರ್ತಿ ಕಳಿಯದ ಕಸ ಮಣ್ಣಿಗೆ ಸೇರಿದರೆ, ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿರುವ ಸಾರಜನಕವನ್ನೇ ಹೀರಿಕೊಳ್ಳುತ್ತವೆ. ಅದು ಸಿಗದೆ ಬೆಳೆಯ ಎಲೆ ಹಳದಿಯಾಗುತ್ತದೆ, ಗೊಬ್ಬರ ಹಾಕಿದ ರೈತನೇ ಮತ್ತೆ ಯೂರಿಯಾ ಚೀಲ ಬಿಚ್ಚಬೇಕಾಗುತ್ತದೆ. ಕೊಳೆಯಲು ಹಾಕಿದ ಕಸದ ಗುಡ್ಡೆಯ ಒಳಗೆ ಕೆಲವು ದಿನವಾದರೂ ಸುಮಾರು 55 ಡಿಗ್ರಿ ಸೆಲ್ಸಿಯಸ್ ಬಿಸಿ ನಿಲ್ಲದಿದ್ದರೆ ಕಳೆಬೀಜ, ರೋಗಾಣುಗಳೂ ಬದುಕುಳಿಯುತ್ತವೆ. ಮಾಗಿದ ಗೊಬ್ಬರವನ್ನು ಗುರುತಿಸಲು ಪ್ರಯೋಗಾಲಯವೇ ಬೇಕಿಲ್ಲ: ಮುಷ್ಟಿಯಲ್ಲಿ ಹಿಡಿದರೆ ತಣ್ಣಗಿರುತ್ತದೆ, ಹೊಸ ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ. ಗಬ್ಬು ನಾತ ಬಂದರೆ ಅದು ಇನ್ನೂ ಕಸವೇ. ಸ್ಥಳೀಯ ಸಂಸ್ಥೆಗಳು ಗೊಬ್ಬರವನ್ನು ಜರಡಿ ಹಿಡಿದು, ಮಾಗಿದೆಯೆಂದು ಪರೀಕ್ಷಿಸಿದ ದಿನಾಂಕವನ್ನು ಚೀಲದ ಮೇಲೆ ನಮೂದಿಸಿಯೇ ರೈತರಿಗೆ ಕೊಡಲಿ.

– ಒಬ್ಬ ಓದುಗ